ಉದ್ಯೋಗ ಖಾತ್ರಿ ಕೆಲಸ ಕೇಳೋದು ಹೇಗೆ: ಜಾಬ್ ಕಾರ್ಡ್‌ನಿಂದ ಹಿಡಿದು ಕೂಲಿ ಖಾತೆಗೆ ಬೀಳೋವರೆಗೂ

"ಜಾಬ್ ಕಾರ್ಡ್ ಇದೆ ಸರ್, ಕೆಲಸ ಕೊಡ್ತಿಲ್ಲ" ಅಂತ ಒಬ್ರು, "ಕೆಲಸ ಮಾಡಿದೀವಿ, ದುಡ್ಡು ಬಂದಿಲ್ಲ" ಅಂತ ಇನ್ನೊಬ್ರು, "ಪಂಚಾಯ್ತಿಲಿ ಈಗ ಕೆಲಸನೇ ಇಲ್ಲ ಅಂತಾರೆ, ಏನ್ ಮಾಡೋದು" ಅಂತ ಮತ್ತೊಬ್ರು. ಈ ಮೂರೇ ಪ್ರಶ್ನೆ ತಿರುಗಿ ತಿರುಗಿ ಬರ್ತಾ ಇರೋದ್ರಿಂದ ಎಲ್ಲಾನೂ ಒಂದೇ ಕಡೆ ಬರೆದಿಡ್ತಾ ಇದೀನಿ. ಇದನ್ನ ಓದ್ತಿರೋರು ಬಹುಶಃ ಕೆಲಸಕ್ಕೆ ಹೋಗೋರಿಗಿಂತ ಅವರ ಮಕ್ಕಳೇ ಜಾಸ್ತಿ ಇರ್ತೀರಿ, ಹಾಗಾಗಿ ಅಪ್ಪ ಅಮ್ಮನ ಪರವಾಗಿ ಪಂಚಾಯ್ತಿಗೆ ಹೋಗಿ ನಿಂತ್ಕೊಂಡಾಗ ಏನ್ ಕೇಳ್ಬೇಕು, ಯಾವ ಕಾಗದ ಕೈಯಲ್ಲಿರ್ಬೇಕು ಅನ್ನೋ ತರ ಬರೆದಿದೀನಿ.

ಮೊದಲು ಒಂದು ಮಾತು. ಇದು 2005ರ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ, ನಾವೆಲ್ಲ ನರೇಗಾ ಅಂತೀವಲ್ಲ, ಅದರ ಲೆಕ್ಕದಲ್ಲಿ ಬರೆದಿರೋದು. ಒಂದು ಕುಟುಂಬಕ್ಕೆ ಒಂದು ಆರ್ಥಿಕ ವರ್ಷದಲ್ಲಿ, ಅಂದ್ರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, 100 ದಿನ ಕೆಲಸ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ ವಿಬಿ-ಜಿ ರಾಮ್ ಜಿ ಅನ್ನೋ ಹೊಸ ಕಾಯ್ದೆ ಪಾಸ್ ಮಾಡಿದೆ, ಅದರಲ್ಲಿ 125 ದಿನ ಅಂತಿದೆ, ಜೊತೆಗೆ ಬಿತ್ತನೆ ಕೊಯ್ಲು ಟೈಮಲ್ಲಿ ವರ್ಷಕ್ಕೆ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಬಹುದು ಅಂತನೂ ಇದೆ. ಅದಕ್ಕೆ ಪಂಚಾಯ್ತಿಗೆ ಹೋದಾಗ ಮೊದಲನೇ ಪ್ರಶ್ನೆ ಇದೇ ಆಗಿರ್ಲಿ: ಈಗ ನಮ್ಮಲ್ಲಿ ಯಾವ ಕಾಯ್ದೆ ಪ್ರಕಾರ ಕೆಲಸ ನಡೀತಿದೆ, ನಮ್ಮ ಕಾರ್ಡ್ ಚಾಲ್ತಿಲಿ ಇದೆಯಾ. ಕೆಲಸ ಕೇಳಿದ 15 ದಿನದೊಳಗೆ ಕೊಡ್ಬೇಕು, ಕೊಡದಿದ್ರೆ ಭತ್ಯೆ ಕೊಡ್ಬೇಕು ಅನ್ನೋ ಮೂಲ ಮಾತು ಎರಡರಲ್ಲೂ ಇದೆ, ಹಾಗಾಗಿ ಕೆಳಗೆ ಬರೆದಿರೋ ಅಭ್ಯಾಸಗಳು ಯಾವುದೇ ಇದ್ರೂ ಬೇಕಾಗುತ್ತೆ.

ಕರ್ನಾಟಕದಲ್ಲಿ 2025-26ಕ್ಕೆ ದಿನಗೂಲಿ 370 ರೂಪಾಯಿ. ಅದರ ಹಿಂದಿನ ವರ್ಷ 349 ಇತ್ತು. ಗಂಡಸರಿಗೂ ಹೆಂಗಸರಿಗೂ ಒಂದೇ ರೇಟು. ಪ್ರತಿ ಏಪ್ರಿಲ್‌ಗೆ ಕೇಂದ್ರ ಹೊಸ ರೇಟ್ ಹೊರಡಿಸುತ್ತೆ, ಆ ವರ್ಷದ್ದು ಎಷ್ಟು ಅಂತ ಪಂಚಾಯ್ತಿ ಗೋಡೆ ಮೇಲೆ ಬರೆದಿರ್ಬೇಕು, ನೋಡ್ಕೊಳ್ಳಿ.

1. ಮೊದಲು ಜಾಬ್ ಕಾರ್ಡ್

ಜಾಬ್ ಕಾರ್ಡ್ ಅಂದ್ರೆ ಉದ್ಯೋಗ ಚೀಟಿ. ಗ್ರಾಮ ಪಂಚಾಯ್ತಿ ವ್ಯಾಪ್ತಿಲಿ ವಾಸ ಇರೋ, 18 ವರ್ಷ ತುಂಬಿದ, ಮೈ ಬಗ್ಗಿಸಿ ಕೆಲಸ ಮಾಡೋಕೆ ರೆಡಿ ಇರೋ ಯಾರಿಗಾದ್ರೂ ಸಿಗುತ್ತೆ. ಮೇಲ್ಮಿತಿ ವಯಸ್ಸು ಅಂತ ಏನೂ ಇಲ್ಲ. ಬಿಪಿಎಲ್ ಆಗಿರ್ಬೇಕು ಅಂತನೂ ಇಲ್ಲ. ಜಮೀನು ಇರೋರಿಗೂ ಸಿಗುತ್ತೆ. ಬೆಂಗಳೂರಿಗೆ ದುಡಿಯೋಕೆ ಹೋಗಿ ವಾಪಸ್ ಊರಿಗೆ ಬಂದೋರಿಗೂ ಸಿಗುತ್ತೆ. ಆದ್ರೆ ನಿಮ್ಮೂರು ಪಟ್ಟಣ ಪಂಚಾಯ್ತಿನೋ ಪುರಸಭೆನೋ ಆಗಿದ್ರೆ ಸಿಗಲ್ಲ, ಇತ್ತೀಚೆಗೆ ಮೇಲ್ದರ್ಜೆಗೆ ಹೋದ ಊರುಗಳಲ್ಲಿ ಇದು ಗೊತ್ತಿಲ್ದೆ ಸುಮ್ನೆ ಓಡಾಡ್ತಾರೆ.

ಬೇಕಾಗಿರೋದು: ಕೆಲಸಕ್ಕೆ ಬರೋ ಎಲ್ಲರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಫೋಟೋ. ನಮೂನೆ-1ರಲ್ಲಿ ಅರ್ಜಿ ತುಂಬಿ ಕೊಡಿ. 15 ದಿನದೊಳಗೆ ಕಾರ್ಡ್ ಕೊಡ್ಬೇಕು. ಒಂದು ರೂಪಾಯಿನೂ ಕೊಡೋ ಹಾಗಿಲ್ಲ, ಫೋಟೋ ಖರ್ಚು ಕೂಡ ಯೋಜನೆದೇ. ಮದುವೆ ಆಗಿ ಬೇರೆ ಸಂಸಾರ ಮಾಡ್ತಿರೋ ಮಗ ಬೇರೆ ಕಾರ್ಡ್ ಕೇಳಬಹುದು, ಆಗ ಅವರಿಗೆ ಬೇರೆ 100 ದಿನ. ಒಂದೇ ಕಾರ್ಡಲ್ಲಿ ಐದು ಜನ ಇದ್ರೆ ಐವರಿಗೂ ಸೇರಿ 100 ದಿನ ಅನ್ನೋದು ನೆನಪಿರ್ಲಿ.

ಹುಷಾರು: ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಜಾಬ್ ಕಾರ್ಡಲ್ಲೂ ಹಾಗೇ ಇರ್ಬೇಕು. ಆಧಾರ್‌ನಲ್ಲಿ "ಲಕ್ಷ್ಮವ್ವ", ಕಾರ್ಡಲ್ಲಿ "ಲಕ್ಷ್ಮೀಬಾಯಿ" ಅಂತಿದ್ರೆ ಕೆಲಸ ಮಾಡುವಾಗ ಯಾರೂ ಏನೂ ಅನ್ನಲ್ಲ, ಕೂಲಿ ಬರೋ ಟೈಮಿಗೆ ಸಿಕ್ಕಾಕ್ಕೊಳುತ್ತೆ.

ಇನ್ನೂ ದೊಡ್ಡ ಹುಷಾರು: ಜಾಬ್ ಕಾರ್ಡ್ ನಿಮ್ಮ ಮನೇಲೇ ಇರ್ಬೇಕು. ಮೆಂಬರ್ ಮನೇಲಿ ಅಲ್ಲ, ಗುತ್ತಿಗೆದಾರನ ಹತ್ರ ಅಲ್ಲ, ಪಂಚಾಯ್ತಿ ಬೀರುಲೂ ಅಲ್ಲ. "ಕಾರ್ಡ್ ಕೊಟ್ಟಿರಿ, ನೀವ್ ಬರೋದ್ ಬೇಡ, ದುಡ್ಡು ಬಂದಾಗ ಇಷ್ಟು ನಿಮಗೆ ಇಷ್ಟು ನಮಗೆ" ಅಂತ ಯಾರಾದ್ರೂ ಬಂದ್ರೆ ಒಪ್ಕೋಬೇಡಿ. ಅಲ್ಲಿ ಜೆಸಿಬಿ ಕೆಲಸ ಮಾಡಿರುತ್ತೆ, ಹಾಜರಿ ನಿಮ್ಮ ಹೆಸರಲ್ಲಿ ಬಿದ್ದಿರುತ್ತೆ, ನಿಮ್ಮ 100 ದಿನ ಖಾಲಿ ಆಗಿರುತ್ತೆ. ಆಮೇಲೆ ಬೇಸಿಗೆಲಿ ನಿಜವಾಗ್ಲೂ ಕೆಲಸ ಬೇಕಾದಾಗ "ನಿಮ್ದು ಮುಗಿದಿದೆ" ಅಂತಾರೆ. ಈ ಯೋಜನೆಲಿ ಗುತ್ತಿಗೆದಾರರಿಗೆ ಜಾಗನೇ ಇಲ್ಲ, ಕೂಲಿಕಾರರ ಕೆಲಸ ಕಿತ್ಕೊಳ್ಳೋ ಯಂತ್ರಗಳಿಗೂ ಅವಕಾಶ ಇಲ್ಲ.

2. ಖಾತೆ ಮತ್ತು ಆಧಾರ್ ಜೋಡಣೆ, ಕೆಲಸಕ್ಕೆ ಹೋಗೋಕೆ ಮುಂಚೆನೇ

2024ರ ಜನವರಿ 1ರಿಂದ ಕೂಲಿ ಬರೋದು ಆಧಾರ್ ಆಧಾರಿತ ಪಾವತಿಲಿ ಮಾತ್ರ. ಅಂದ್ರೆ ನೀವು ಪಂಚಾಯ್ತಿಗೆ ಕೊಟ್ಟ ಪಾಸ್‌ಬುಕ್ ನಂಬರಿಗೆ ದುಡ್ಡು ಹೋಗಲ್ಲ, ನಿಮ್ಮ ಆಧಾರ್ ಕೊನೇದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಈ ಜೋಡಣೆಗೆ ಬ್ಯಾಂಕಲ್ಲಿ ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ. ಸಿಮ್ ತಗೊಳುವಾಗ, ಮೊಬೈಲ್ ಅಂಗಡಿಲಿ ಹೆಬ್ಬೆಟ್ಟು ಒತ್ತಿ ಖಾತೆ ತೆರೆದಾಗ, ಗೊತ್ತಿಲ್ದೇನೇ ಮ್ಯಾಪಿಂಗ್ ಆ ಕಡೆ ತಿರುಗಿರುತ್ತೆ. ಜನ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮಾಡಿಸಿ ಸೋತಿರ್ತಾರೆ, ದುಡ್ಡು ಇನ್ನೊಂದು ಖಾತೆಲಿ ಸುಮ್ನೆ ಬಿದ್ದಿರುತ್ತೆ.

ಸುಲಭದ ಗುರುತು ಒಂದಿದೆ: ಮನೆಯೊಡತಿಗೆ ಗೃಹಲಕ್ಷ್ಮಿ ದುಡ್ಡು ಯಾವ ಖಾತೆಗೆ ಬರ್ತಿದೆಯೋ ಅವರ ಕೂಲಿನೂ ಅಲ್ಲಿಗೇ ಬರುತ್ತೆ, ಎರಡೂ ಆಧಾರ್ ಮೇಲೆನೇ ಹೋಗೋದು. ಉಳಿದೋರದ್ದು ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರುತ್ತೆ, ಫೋನಿಗೆ ಓಟಿಪಿ ಬರುತ್ತೆ, ಒಂದು ನಿಮಿಷದ ಕೆಲಸ. ತಪ್ಪು ಬ್ಯಾಂಕ್ ತೋರಿಸಿದ್ರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡ್ಕೊಡಿ" ಅಂತ ಫಾರಂ ಕೊಡಿ. ಬರೀ ಆಧಾರ್ ಲಿಂಕ್ ಅಂತ ಕೇಳಿದ್ರೆ ಖಾತೆಗೆ ಲಿಂಕ್ ಮಾಡಿ ಕಳಿಸ್ತಾರೆ, ಮ್ಯಾಪಿಂಗ್ ಹಾಗೇ ಉಳಿಯುತ್ತೆ.

ಇದ್ರ ಜೊತೆ ಕಾರ್ಡಲ್ಲಿರೋ ಎಲ್ಲರದ್ದೂ ಇ-ಕೆವೈಸಿ ಆಗಿದೆಯಾ ಅಂತ ಕೇಳಿ. ಮೊಬೈಲಲ್ಲಿ ಮುಖ ಹಿಡಿದು ಆಧಾರ್ ಜೊತೆ ತಾಳೆ ನೋಡೋದು ಅಷ್ಟೇ, ಪಂಚಾಯ್ತಿ ಸಿಬ್ಬಂದಿನೇ ಮಾಡ್ತಾರೆ.

ಇಲ್ಲೇ ಎಲ್ಲರೂ ಕೇಳೋ ಇನ್ನೊಂದು ಪ್ರಶ್ನೆ: ನರೇಗಾ ಕೆಲಸಕ್ಕೆ ಹೋದ್ರೆ ಗೃಹಲಕ್ಷ್ಮಿ ನಿಲ್ಲುತ್ತಾ? ನಿಲ್ಲಲ್ಲ. ಗೃಹಲಕ್ಷ್ಮಿಗೆ ಅಡ್ಡಿ ಇರೋದು ಮನೆಯೊಡತಿ ಇಲ್ಲಾ ಅವರ ಗಂಡ ಇನ್‌ಕಮ್ ಟ್ಯಾಕ್ಸೋ ಜಿಎಸ್‌ಟಿನೋ ಕಟ್ತಿದ್ರೆ. ಪೆನ್ಷನ್ ತಗೊಳ್ತಿರೋ ಅಜ್ಜಿ ಕೆಲಸ ಕೇಳೋ ಹಾಗಿಲ್ಲ ಅಂತನೂ ನರೇಗಾ ಕಾಯ್ದೆಲಿ ಎಲ್ಲೂ ಇಲ್ಲ. ಯಾರಾದ್ರೂ ಹೆದರಿಸಿದ್ರೆ ಆ ನಿಯಮ ಬರವಣಿಗೆಲಿ ತೋರಿಸಿ ಅನ್ನಿ.

3. ನಮೂನೆ-6, ಈ ಲೇಖನದ ಜೀವ ಇರೋದೇ ಇಲ್ಲಿ

ಜಾಬ್ ಕಾರ್ಡ್ ಇದ್ದ ಮಾತ್ರಕ್ಕೆ ಕೆಲಸ ಬರಲ್ಲ. ಪ್ರತಿ ಸಲ ಕೆಲಸ ಬೇಕಾದಾಗ್ಲೂ ಬರೆದು ಕೇಳ್ಬೇಕು. ಅದಕ್ಕಿರೋದು ನಮೂನೆ-6, ಕೂಲಿಕಾರರ ಬಾಯಲ್ಲಿ "ಫಾರಂ ಆರು". ಒಬ್ಬೊಬ್ರೇ ಕೊಡಬಹುದು, ಗುಂಪಾಗಿ ಒಂದೇ ಅರ್ಜಿನೂ ಕೊಡಬಹುದು, ಗುಂಪಲ್ಲಿ ಹೋದ್ರೆ ಒಳ್ಳೇದು. ಕಡಿಮೆ ಅಂದ್ರೆ ಸತತ 14 ದಿನದ ಕೆಲಸ ಕೇಳಿ.

ಅರ್ಜಿಲಿ ಬರೀಬೇಕಾಗಿರೋದು: ಜಾಬ್ ಕಾರ್ಡ್ ನಂಬರ್ (ನಮ್ಮ ರಾಜ್ಯದ್ದು ಕೆಎನ್ ಅಂತ ಶುರುವಾಗುತ್ತೆ), ಹೆಸರು, ಯಾವ ತಾರೀಖಿಂದ ಯಾವ ತಾರೀಖಿನವರೆಗೆ ಕೆಲಸ ಬೇಕು, ಸಹಿ ಇಲ್ಲಾ ಹೆಬ್ಬೆಟ್ಟು, ಮತ್ತೆ ಅರ್ಜಿ ಕೊಡ್ತಿರೋ ದಿನದ ತಾರೀಖು.

ಆ ಕೊನೇ ತಾರೀಖಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜನ ಸೋಲೋದು ಇಲ್ಲೇ. ಫಾರಂನ ಕೆಳಗೆ ಕತ್ತರಿಸಿ ಕೊಡೋಕೆ ಒಂದು ತುಂಡು ಇರುತ್ತೆ, ಸ್ವೀಕೃತಿ ರಸೀದಿ ಅಂತ. ಅದರಲ್ಲಿ ಅರ್ಜಿ ಸ್ವೀಕರಿಸಿದ ದಿನಾಂಕ, ಸಹಿ, ಪಂಚಾಯ್ತಿ ಸೀಲು ಮೂರೂ ಇರ್ಬೇಕು. ಎಷ್ಟೋ ಕಡೆ ಆಗೋದೇನು ಅಂದ್ರೆ, ಫಾರಂ ತಗೊಂಡು "ಆಯ್ತು ಹೋಗಿ, ಕೆಲಸ ಬಂದಾಗ ಹೇಳ್ತೀವಿ" ಅಂತಾರೆ, ದಿನಾಂಕದ ಜಾಗ ಖಾಲಿ, ರಸೀದಿ ತುಂಡು ಫಾರಂಗೇ ಅಂಟ್ಕೊಂಡಿರುತ್ತೆ. ತಿಂಗಳಾದ್ಮೇಲೆ ಕೆಲಸ ರೆಡಿ ಆದಾಗ ಆ ಖಾಲಿ ಜಾಗದಲ್ಲಿ ಅವತ್ತಿನ ತಾರೀಖು ಬೀಳುತ್ತೆ, ಕಂಪ್ಯೂಟರಲ್ಲಿ ನೋಡಿದ್ರೆ ಕೇಳಿದ ಕೂಡ್ಲೇ ಕೆಲಸ ಕೊಟ್ಟ ಹಾಗೆ ಕಾಣುತ್ತೆ. ನೀವು ಕಾದ ಆ ಒಂದು ತಿಂಗಳು ಯಾವ ದಾಖಲೆಲೂ ಇಲ್ಲ. ನಿರುದ್ಯೋಗ ಭತ್ಯೆ ಕೇಳೋಕೆ ಹೋದ್ರೆ "ನೀವು ಕೆಲಸನೇ ಕೇಳಿಲ್ವಲ್ಲ" ಅಂತಾರೆ.

ಅದಕ್ಕೆ ಹೀಗೆ ಮಾಡಿ. ತಾರೀಖು ನೀವೇ ಪೆನ್ನಲ್ಲಿ ಬರೀರಿ, ಖಾಲಿ ಬಿಡಬೇಡಿ. ಕೊಡೋಕೆ ಮುಂಚೆ ಅರ್ಜಿ ಫೋಟೋ ತಗೊಳ್ಳಿ. ಕೊಟ್ಟ ಮೇಲೆ ರಸೀದಿ ಕೈಗೆ ಬರೋವರೆಗೂ ಅಲ್ಲಿಂದ ಹೊರಡಬೇಡಿ. ಜಗಳ ಬೇಡ, "ಮೇಡಂ ರಸೀದಿ ಕೊಟ್ಬಿಡಿ, ಹೋಗ್ತೀವಿ" ಅಂತ ಸಮಾಧಾನವಾಗಿ ಕೂತ್ಕೊಂಡ್ರೆ ಸಾಕು, ಹತ್ತು ಹೆಂಗಸರು ಜಗಲಿ ಮೇಲೆ ಕೂತಿದ್ರೆ ಸಾಮಾನ್ಯವಾಗಿ ಕೊಡ್ತಾರೆ. ಏನೇ ಮಾಡಿದ್ರೂ ಕೊಡ್ಲಿಲ್ಲ ಅಂದ್ರೆ ಅದೇ ಅರ್ಜಿನ ಪಿಡಿಒಗೆ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ, ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿ, ಪೋಸ್ಟ್ ಆಫೀಸಿನ ಚೀಟಿನೇ ನಿಮ್ಮ ಸಾಕ್ಷಿ. ಇಲ್ಲಾ ತಾಲೂಕು ಪಂಚಾಯ್ತಿ ಇಒ ಹತ್ರ ನೇರವಾಗಿ ಕೊಡಿ, ಅವರೇ ತಾಲೂಕಿನ ಕಾರ್ಯಕ್ರಮ ಅಧಿಕಾರಿ, ಕೆಲಸದ ಅರ್ಜಿ ತಗೊಳ್ಳೋ ಅಧಿಕಾರ ಅವರಿಗೂ ಇದೆ.

"ಈಗ ಕೆಲಸ ಇಲ್ಲ, ಆಮೇಲೆ ಬಂದು ಅರ್ಜಿ ಕೊಡಿ" ಅನ್ನೋದು ಅತೀ ಸಾಮಾನ್ಯ ಉತ್ತರ. ಅದನ್ನ ಒಪ್ಕೊಂಡು ವಾಪಸ್ ಬರಬೇಡಿ. ಕೆಲಸ ಹುಡುಕಿ ಕೊಡೋದು ಅವರ ಜವಾಬ್ದಾರಿ, ಕೇಳೋದು ನಿಮ್ಮದು. ಇಡೀ ಕಾಯ್ದೆ ನಿಂತಿರೋದೇ ಕೂಲಿಕಾರರು ಕೇಳೋದ್ರ ಮೇಲೆ, ಹಾಗಾಗಿ ನಿಮ್ಮ ಕೇಳಿಕೆ ಕಾಗದದ ಮೇಲೆ ಇರ್ಬೇಕು.

4. 15 ದಿನ ಎಣಿಸಿ

ಅರ್ಜಿ ಕೊಟ್ಟ ದಿನದಿಂದ, ಮುಂಗಡವಾಗಿ ಕೇಳಿದ್ರೆ ನೀವು ಕೇಳಿದ ತಾರೀಖಿನಿಂದ, 15 ದಿನದೊಳಗೆ ಕೆಲಸ ಕೊಡ್ಬೇಕು. ಊರಿಂದ 5 ಕಿಲೋಮೀಟರ್ ಒಳಗೇ ಕೊಡ್ಬೇಕು, ಅದಕ್ಕಿಂತ ದೂರ ಆದ್ರೆ ಕೂಲಿ ಮೇಲೆ ಶೇ.10 ಹೆಚ್ಚಿಗೆ.

ಕೊಡ್ಲಿಲ್ಲ ಅಂದ್ರೆ 16ನೇ ದಿನದಿಂದ ನಿರುದ್ಯೋಗ ಭತ್ಯೆ. ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದ ಹಾಗೆ, 370ರ ಲೆಕ್ಕದಲ್ಲಿ ದಿನಕ್ಕೆ 92 ರೂಪಾಯಿ 50 ಪೈಸೆ. ಆಮೇಲಿನ ದಿನಗಳಿಗೆ ಅರ್ಧ, ಅಂದ್ರೆ 185. ಇದನ್ನ ಕೊಡ್ಬೇಕಾಗಿರೋದು ರಾಜ್ಯ ಸರ್ಕಾರ. ಭತ್ಯೆ ಕೈಗೆ ಬರೋದು ಬಹಳ ಅಪರೂಪ, ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಆದ್ರೂ ಕೇಳಿ ಅಂತೀನಿ. ರಸೀದಿ ಜೆರಾಕ್ಸ್ ಹಚ್ಚಿ "ಇಂಥ ದಿನ ಅರ್ಜಿ ಕೊಟ್ಟಿದ್ವಿ, 15 ದಿನ ಆಯ್ತು, ಭತ್ಯೆ ಕೊಡಿ" ಅಂತ ಇಒಗೆ ಒಂದು ಅರ್ಜಿ ಹೋದ್ರೆ, ಭತ್ಯೆ ಕೊಡೋ ಪರಿಸ್ಥಿತಿ ಬರಬಾರದು ಅಂತಾನೇ ಕೆಲಸ ಬೇಗ ಶುರು ಮಾಡ್ತಾರೆ.

ಒಂದು ಎಚ್ಚರಿಕೆ: ಕೆಲಸ ಕೊಟ್ಟಿದೀವಿ ಬನ್ನಿ ಅಂತ ತಿಳಿಸಿದ ಮೇಲೆ 15 ದಿನದೊಳಗೆ ನೀವು ಹೋಗ್ಲಿಲ್ಲ ಅಂದ್ರೆ, 2005ರ ಕಾಯ್ದೆ ಪ್ರಕಾರ ಮೂರು ತಿಂಗಳು ಭತ್ಯೆ ಕೇಳೋ ಹಕ್ಕು ಹೋಗುತ್ತೆ. ಹಾಗಾಗಿ ಮನೇಲಿ ಮದುವೆ, ಜಾತ್ರೆ ಇರೋ ದಿನ ನೋಡ್ಕೊಂಡು ತಾರೀಖು ಬರೀರಿ.

5. ಎನ್ಎಂಆರ್‌ನಲ್ಲಿ ಹೆಸರು ಇದೆಯಾ ನೋಡಿ, ಆಮೇಲೆ ಗುದ್ದಲಿ ಹಿಡೀರಿ

ಎನ್ಎಂಆರ್ ಅಂದ್ರೆ ಹಾಜರಿ ಪಟ್ಟಿ, ಕಂಪ್ಯೂಟರಿಂದ ತೆಗೆದು ಕೊಡ್ತಾರೆ, ಯಾವ ಕೆಲಸ, ಯಾವ ತಾರೀಖಿಂದ ಯಾವ ತಾರೀಖು, ಯಾರ್ಯಾರು ಅಂತ ಮೊದಲೇ ಪ್ರಿಂಟ್ ಆಗಿರುತ್ತೆ. ಅದರಲ್ಲಿ ನಿಮ್ಮ ಹೆಸರಿಲ್ಲ ಅಂದ್ರೆ ನೀವು ಎಷ್ಟೇ ಮಣ್ಣು ಅಗೆದ್ರೂ ಕೂಲಿ ಇಲ್ಲ. "ಇವತ್ತು ಮಾಡ್ತಾ ಇರಿ, ಮುಂದಿನ ವಾರ ಹೆಸರು ಸೇರಿಸ್ತೀವಿ" ಅನ್ನೋ ಮಾತಿಗೆ ಹೋಗಲೇಬೇಡಿ, ಹಿಂದಿನ ದಿನಕ್ಕೆ ಹಾಜರಿ ಹಾಕೋ ವ್ಯವಸ್ಥೆ ಇಲ್ಲ.

ಜಾಗದಲ್ಲಿ ಹಾಜರಿ ಹಾಕೋರು ಕಾಯಕ ಬಂಧು, ಬೇರೆ ರಾಜ್ಯದಲ್ಲಿ ಮೇಟ್ ಅಂತಾರೆ, ನಿಮ್ಮ ಗುಂಪಿನೋರೇ ಒಬ್ರು ಇರ್ತಾರೆ. ಪಂಚಾಯ್ತಿಲಿ ಗ್ರಾಮ ಕಾಯಕ ಮಿತ್ರ ಅಂತ ಇನ್ನೊಬ್ರು ಹೆಣ್ಣುಮಗಳು ಇರ್ತಾರೆ, ಅರ್ಜಿ, ಎನ್ಎಂಆರ್ ಓಡಾಟಕ್ಕೆ ಅವರನ್ನೇ ಹಿಡೀರಿ. 2023ರ ಜನವರಿಯಿಂದ ಸಾಮೂಹಿಕ ಕೆಲಸಕ್ಕೆ ಹಾಜರಿ ಎನ್ಎಂಎಂಎಸ್ ಅನ್ನೋ ಮೊಬೈಲ್ ಆಪ್‌ನಲ್ಲಿ, ಕೆಲಸದ ಜಾಗದಲ್ಲೇ ದಿನಕ್ಕೆ ಎರಡು ಫೋಟೋ: ಬೆಳಿಗ್ಗೆ ಒಂದು, ನಾಲ್ಕು ಗಂಟೆ ಕಳೆದ ಮೇಲೆ ಇನ್ನೊಂದು. ಬೇಗ ಬಂದು ಬೇಗ ಕೆಲಸ ಮುಗಿಸಿ ಮನೆಗೆ ಹೊರಟೋರು ಎರಡನೇ ಫೋಟೋ ತಪ್ಪಿಸ್ಕೊಳ್ತಾರೆ, ಆ ದಿನದ ಕೂಲಿಗೆ ಕುತ್ತು. ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲಿ ಫೋಟೋ ಫೋನಲ್ಲೇ ಉಳಿದು ಆಮೇಲೆ ಅಪ್‌ಲೋಡ್ ಆಗುತ್ತೆ, ಸಂಜೆ ಊರಿಗೆ ಬಂದ್ಮೇಲೆ ಹೋಯ್ತಾ ಅಂತ ಕಾಯಕ ಬಂಧುನ ಕೇಳಿ.

ನಿಮ್ಮದೇ ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ. ತಾರೀಖು, ಕೆಲಸದ ಹೆಸರು, ಎನ್ಎಂಆರ್ ನಂಬರ್, ಬಂದೋರು ಯಾರು, ಇಷ್ಟೇ. ಮುಂದೆ ಏನೇ ದೂರು ಕೊಟ್ರೂ ಈ ನಾಲ್ಕು ಕೇಳ್ತಾರೆ.

ಜಾಗದಲ್ಲಿ ಕುಡಿಯೋ ನೀರು, ನೆರಳು, ಫಸ್ಟ್ ಏಡ್ ಇರ್ಲೇಬೇಕು. ಆರು ವರ್ಷದೊಳಗಿನ ಮಕ್ಕಳು ಐದೋ ಅದಕ್ಕಿಂತ ಜಾಸ್ತಿನೋ ಬಂದಿದ್ರೆ ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ಬಿಡ್ಬೇಕು, ಅವರಿಗೂ ಪೂರ್ತಿ ಕೂಲಿ. ಕೆಲಸದಲ್ಲಿ ಪೆಟ್ಟಾದ್ರೆ ಚಿಕಿತ್ಸೆ ಉಚಿತ, ಆಸ್ಪತ್ರೆಲಿ ಅಡ್ಮಿಟ್ ಆದ್ರೆ ಆ ದಿನಗಳಿಗೆ ಅರ್ಧ ಕೂಲಿಗೆ ಕಡಿಮೆ ಇಲ್ಲದ ಭತ್ಯೆ ಇದೆ. ಪೆಟ್ಟಾದ ದಿನವೇ ಪಿಡಿಒಗೆ ಬರೆದು ಕೊಡಿ.

6. ಅಳತೆ

370 ಅನ್ನೋದು ಸುಮ್ನೆ ಬಂದು ನಿಂತ್ರೆ ಸಿಗೋ ದುಡ್ಡಲ್ಲ, ನಿಗದಿ ಮಾಡಿದಷ್ಟು ಮಣ್ಣು ತೆಗೆದ್ರೆ ಸಿಗೋದು. ಕೆರೆ ಹೂಳಾಗ್ಲಿ, ಕಂದಕ ಆಗ್ಲಿ, ಬದು ಆಗ್ಲಿ, ವಾರದ ಕೊನೆಗೆ ಇಂಜಿನಿಯರ್ ಇಲ್ಲಾ ಬಿಎಫ್‌ಟಿ, ಅಂದ್ರೆ ಅಳತೆಗೆ ತರಬೇತಿ ಪಡೆದ ಸಹಾಯಕರು, ಬಂದು ಅಳೆದು ಎಂಬಿ ಅನ್ನೋ ಪುಸ್ತಕದಲ್ಲಿ ಬರೀತಾರೆ, ಒಟ್ಟು ಬಂದಿದ್ದನ್ನ ಗುಂಪಿಗೆ ಹಂಚ್ತಾರೆ. ಆರು ದಿನಕ್ಕೆ 2220 ಬರ್ಬೇಕಾಗಿದ್ದು ಕಡಿಮೆ ಬಂದ್ರೆ ಕಾರಣ ಹೆಚ್ಚಾಗಿ ಇಲ್ಲಿರುತ್ತೆ.

ಮೊದಲನೇ ದಿನವೇ ಇಂಜಿನಿಯರ್ ಹತ್ರ ಕೇಳಿ: ಒಬ್ಬರಿಗೆ ದಿನಕ್ಕೆ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ. ಹಗ್ಗ ಹಿಡಿದು ಗುರುತು ಹಾಕ್ಸಿ. ಮಣ್ಣು ಗಟ್ಟಿ ಇದ್ರೆ, ಕಲ್ಲು ಬಂದ್ರೆ ಅಳತೆ ಕಡಿಮೆ ಆಗ್ಬೇಕು, ಮೆದು ಮಣ್ಣಿನ ಲೆಕ್ಕ ಹಾಕಿದ್ರೆ ನಿಮಗೆ ನಷ್ಟ, ಮುಚ್ಚಿ ಹೋಗೋಕೆ ಮುಂಚೆ ಗುಂಡಿ ಫೋಟೋ ತೆಗೆದಿಡಿ. 60 ದಾಟಿದೋರು, ವಿಕಲಚೇತನರು, ಗರ್ಭಿಣಿ ಬಾಣಂತಿಯರಿಗೆ ಕರ್ನಾಟಕದಲ್ಲಿ ಅರ್ಧ ಕೆಲಸಕ್ಕೇ ಪೂರ್ತಿ ಕೂಲಿ, ಗುಂಪಲ್ಲಿ ಅಂಥೋರು ಇದ್ರೆ ಅಳತೆ ಟೈಮಲ್ಲಿ ನೆನಪು ಮಾಡಿ, ಎಷ್ಟೋ ಕಡೆ ಈ ರಿಯಾಯಿತಿ ಹಾಕೋದೇ ಮರೀತಾರೆ, ಭಾರ ಗುಂಪಿನ ಉಳಿದೋರ ಮೇಲೆ ಬೀಳುತ್ತೆ.

7. ಕೂಲಿ ಬಂದಿಲ್ಲ ಅಂದ್ರೆ

ಎನ್ಎಂಆರ್ ಮುಗಿದ ದಿನದಿಂದ 15 ದಿನದೊಳಗೆ ಖಾತೆಗೆ ಬರ್ಬೇಕು. ತಡ ಆದ್ರೆ ದಿನಕ್ಕೆ ಶೇ.0.05 ಪರಿಹಾರ, ಆರು ದಿನದ ಕೂಲಿಗೆ ದಿನಕ್ಕೆ 1 ರೂಪಾಯಿ 11 ಪೈಸೆ ಆಗುತ್ತೆ. ಸಣ್ಣ ಮೊತ್ತವೇ, ಆದ್ರೆ ತಡ ಆಗಿದೆ ಅನ್ನೋದು ದಾಖಲೆಗೆ ಬರುತ್ತೆ ಅನ್ನೋದಕ್ಕಾದ್ರೂ ಕೇಳಿ.

ಸುಮ್ನೆ "ದುಡ್ಡು ಬಂದಿಲ್ಲ" ಅಂದ್ರೆ ಯಾರಿಗೂ ಏನೂ ಮಾಡೋಕಾಗಲ್ಲ, ಎಲ್ಲಿ ನಿಂತಿದೆ ಅಂತ ಹುಡುಕಿ. ನರೇಗಾ ವೆಬ್‌ಸೈಟಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯ್ತಿ ಆರಿಸಿ ಜಾಬ್ ಕಾರ್ಡ್ ಪಟ್ಟಿಗೆ ಹೋಗಿ ನಿಮ್ಮ ನಂಬರ್ ಒತ್ತಿದ್ರೆ ಯಾವ ಎನ್ಎಂಆರ್‌ಗೆ ಎಷ್ಟು ದಿನ, ಎಷ್ಟು ಕೂಲಿ ಅಂತ ಬರುತ್ತೆ, ಲಾಗಿನ್ ಬೇಡ. ಅಲ್ಲಿ ದಿನಗಳೇ ಕಾಣ್ತಿಲ್ಲ ಅಂದ್ರೆ ಹಾಜರಿ ತುಂಬಿಲ್ಲ, ಇಲ್ಲಾ ಎನ್ಎಂಆರ್ ಜೀರೋ ಮಾಡಿದಾರೆ, ಅಂದ್ರೆ ಯಾರೂ ಕೆಲಸಕ್ಕೆ ಬಂದಿಲ್ಲ ಅಂತ ಹಾಕಿದಾರೆ, ಅದು ಪಂಚಾಯ್ತಿ ಕೆಲಸ, ಪಿಡಿಒನ ಕೇಳಿ. ದಿನ ಇದೆ, ಎಫ್‌ಟಿಒ ಆಗಿಲ್ಲ ಅಂದ್ರೆ, ಎಫ್‌ಟಿಒ ಅಂದ್ರೆ ದುಡ್ಡು ಕಳಿಸೋ ಆದೇಶ, ಅಳತೆನೋ ಅಧಿಕಾರಿಗಳ ಡಿಜಿಟಲ್ ಸಹಿನೋ ಬಾಕಿ ಇದೆ, ಪಂಚಾಯ್ತಿ ಮತ್ತು ತಾಲೂಕು ಎರಡೂ ಕಡೆ ಕೇಳಿ. ಎಫ್‌ಟಿಒ ಆಗಿ ರಿಜೆಕ್ಟ್ ಅಂತ ತೋರಿಸಿದ್ರೆ ಹೆಚ್ಚಾಗಿ ಆಧಾರ್ ಮ್ಯಾಪಿಂಗ್ ತೊಂದರೆ, 2ನೇ ಹಂತಕ್ಕೆ ಹೋಗಿ, ಸರಿಪಡಿಸಿದ ಮೇಲೆ "ರಿಜೆಕ್ಟ್ ಆದ ಕೂಲಿನ ಮತ್ತೆ ಕಳಿಸಿ" ಅಂತ ಪಂಚಾಯ್ತಿಗೆ ಬರೆದು ಕೊಡಿ, ತಾನಾಗೇ ಬರುತ್ತೆ ಅಂತ ಕಾಯಬೇಡಿ. ಎಲ್ಲಾ ಸರಿ ಇದ್ದೂ ಇಡೀ ಊರಿಗೇ ಬಂದಿಲ್ಲ ಅಂದ್ರೆ ಮೇಲಿಂದ ಹಣನೇ ಬಿಡುಗಡೆ ಆಗಿಲ್ಲ, ಅದಕ್ಕೆ ಪಿಡಿಒ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

8. ದೂರು ಕೊಡೋದು

ಮೊದಲು ಪಿಡಿಒ, ಆಮೇಲೆ ತಾಲೂಕು ಇಒ, ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಪಂಚಾಯ್ತಿ ಸಿಇಒ. ಇದ್ರ ಹೊರಗೆ ನರೇಗಾಕ್ಕೇ ಅಂತ ಜಿಲ್ಲೆಗೆ ಓಂಬುಡ್ಸ್‌ಮನ್ ಇರ್ತಾರೆ, ಪಂಚಾಯ್ತಿಗೆ ಸಂಬಂಧ ಇಲ್ಲದ ತನಿಖಾಧಿಕಾರಿ ಅಂತ ಅಂದ್ಕೊಳ್ಳಿ, ಬೇರೆಯೋರ ಹೆಸರಲ್ಲಿ ಹಾಜರಿ, ಜೆಸಿಬಿ ಕೆಲಸ, ರಸೀದಿ ಕೊಡದಿರೋದು ಇಂಥದ್ದಕ್ಕೆಲ್ಲ ಅವರ ಹತ್ರ ಹೋಗಬಹುದು, ಫೀಸ್ ಇಲ್ಲ. ಬಾಯಲ್ಲಿ ಹೇಳಿ ಬರಬೇಡಿ. ಒಂದು ದೂರಿಗೆ ಒಂದೇ ವಿಷಯ ಬರೀರಿ, ರಸೀದಿ ಮತ್ತು ಪಾಸ್‌ಬುಕ್ ಜೆರಾಕ್ಸ್ ಹಚ್ಚಿ, ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸ್ಕೊಳ್ಳಿ. ಎನ್ಎಂಆರ್, ಎಂಬಿ ನಕಲು ಬೇಕಾದ್ರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಅರ್ಜಿ, ಬಿಪಿಎಲ್‌ನೋರಿಗೆ ಅದೂ ಇಲ್ಲ.

ಆರು ತಿಂಗಳಿಗೊಮ್ಮೆ ಸಾಮಾಜಿಕ ಲೆಕ್ಕ ಪರಿಶೋಧನೆ ಗ್ರಾಮಸಭೆ ಆಗ್ಬೇಕು. ಯಾವ ಕೆಲಸಕ್ಕೆ ಯಾರ ಹೆಸರಲ್ಲಿ ಎಷ್ಟು ಖರ್ಚು ಬಿದ್ದಿದೆ ಅಂತ ಎಲ್ಲರ ಮುಂದೆ ಓದೋದು ಅವತ್ತು ಮಾತ್ರ. ಡಂಗೂರ ಸಾರದೆನೂ ಮಾಡಿ ಮುಗಿಸ್ತಾರೆ, ಅದಕ್ಕೆ ದಿನಾಂಕ ಯಾವಾಗ ಅಂತ ಗ್ರಾಮ ಕಾಯಕ ಮಿತ್ರನ ಮೊದಲೇ ಕೇಳಿಟ್ಕೊಳ್ಳಿ. ಹೋಗುವಾಗ ಜಾಬ್ ಕಾರ್ಡ್, ಪಾಸ್‌ಬುಕ್, ಆ ನೋಟ್‌ಬುಕ್ ಮೂರೂ ತಗೊಂಡು ಹೋಗಿ, ನಿಮ್ಮ ಹೆಸರು ಓದಿದಾಗ ದಿನಗಳು ತಾಳೆ ಆಗ್ಲಿಲ್ಲ ಅಂದ್ರೆ ಅಲ್ಲೇ ಎದ್ದು ನಿಂತು ಹೇಳಿ, ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದ್ರಾ ಅಂತ ನೋಡಿ ಆಮೇಲೆ ಸಹಿ ಮಾಡಿ.